ಗೋಧಿಗೆ ಝಾತರ್ ಎಣ್ಣೆ ಹಾಕಿದ ಚಳಿಗಾಲ

ಕಳೆದ ತಿಂಗಳು ರಿಯಾದಿನ ಬತ್ಹಾ ಪೇಟೆಯಲ್ಲಿ ಊರಿಗೆ ಒಯ್ಯುವ ಸಾಮಾನು ಕೊಳ್ಳುತ್ತಿದ್ದೆ. ಖರ್ಜೂರ, ಎರಡು ಕಂಬಳಿ, ಅಕ್ಕನ ಮಂಡಿನೋವಿಗೆ ಏನಾದರೊಂದು ಮುಲಾಮು. ಮುಲಾಮಿಗೆಂದು ಗಿಡಮೂಲಿಕೆಯ ಅಂಗಡಿಗೆ ಹೊಕ್ಕರೆ ಅಲ್ಲಿದ್ದ ಯೆಮೆನಿನವನು ಕೇಳದೆಯೇ ಒಂದು ಪುಟ್ಟ ಕಂದು ಬಾಟಲಿಯ ಮುಚ್ಚಳ ತೆಗೆದು ನನ್ನ ಮುಂಗೈಗೆ ಒಂದು ಹನಿ ಸವರಿಬಿಟ್ಟ. "ಝಾತರ್ ಎಣ್ಣೆ. ನೋವಿಗೆ ಒಳ್ಳೆಯದು, ಕೆಮ್ಮಿಗೆ ಒಳ್ಳೆಯದು, ಎಲ್ಲದಕ್ಕೂ ಒಳ್ಳೆಯದು" ಎಂದ. "ಎಲ್ಲದಕ್ಕೂ ಅಲ್ಲ" ಎಂದೆ ನಾನು. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ವ್ಯಾಪಾರ ಅಲ್ಲಿಗೇ ನಿಂತಿತು.

ಝಾತರ್ ಎಂದರೆ ಇಲ್ಲಿನವರು ಎಣ್ಣೆಯಲ್ಲಿ ಕಲಸಿ ರೊಟ್ಟಿಗೆ ಹಚ್ಚಿ ತಿನ್ನುವ ಒಂದು ಸೊಪ್ಪು. ಅದರಿಂದ ಬಟ್ಟಿ ಇಳಿಸಿದ ಎಣ್ಣೆಗೆ ನಮ್ಮ ಓಮದ್ದೇ ವಾಸನೆ, ಆದರೆ ಹತ್ತು ಪಟ್ಟು ಜೋರು. ಸೋಪು ಹಾಕಿ ಎರಡು ಸಲ ತೊಳೆದರೂ ಹೋಗಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನು ಮೂಗು ಅತ್ತ ತಿರುಗಿಸಿಕೊಂಡ. ನಾನು ಮಾತ್ರ ಮುಂಗೈಯನ್ನು ಮತ್ತೆ ಮತ್ತೆ ಮೂಗಿಗೆ ಹಿಡಿಯುತ್ತಾ ನಾಲ್ಕು ವರ್ಷ ಹಿಂದಿನ ಹಾಯಿಲಿಗೆ ಹೋಗಿಬಿಟ್ಟಿದ್ದೆ.

ನಾನು ಕಾರ್ಕಳದ ಕಡೆಯವನು, ಹೆಸರು ದಿನೇಶ. ಸಸ್ಯಶಾಸ್ತ್ರದಲ್ಲಿ ಡಿಗ್ರಿ ಮಾಡಿ, ಊರಲ್ಲಿ ಒಂದು ಬೀಜದ ಕಂಪೆನಿಯಲ್ಲಿ ಸ್ವಲ್ಪ ಕಾಲ ಇದ್ದು, ಆಮೇಲೆ ಸೌದಿಗೆ ಬಂದವನು. ಹಾಯಿಲ್ ಪಟ್ಟಣದಿಂದ ಒಂದು ಗಂಟೆ ದೂರದ ದೊಡ್ಡ ಫಾರ್ಮೊಂದರಲ್ಲಿ ನನಗೆ ಬೀಜ ಪರೀಕ್ಷಿಸುವ ಕೆಲಸ. ಲ್ಯಾಬ್ ಎಂದರೆ ಎಸಿ ಹಾಕಿದ ಒಂದು ಕಂಟೇನರ್ ಕೋಣೆ, ಎರಡು ಮೇಜು, ಮೊಳಕೆ ಬರಿಸುವ ಒಂದು ಕಪಾಟು. ಬಂದ ಬೀಜದಿಂದ ನೂರು ಕಾಳು ಎಣಿಸಿ, ಒದ್ದೆ ಕಾಗದದಲ್ಲಿ ಸುತ್ತಿ ಇಡುವುದು; ನಾಲ್ಕನೆಯ ದಿನ ಒಮ್ಮೆ, ಎಂಟನೆಯ ದಿನ ಒಮ್ಮೆ ಬಿಚ್ಚಿ ಎಷ್ಟು ಮೊಳೆತಿವೆ ಎಂದು ನೋಡುವುದು. ಊರಲ್ಲಿ ನನ್ನನ್ನು "ಸೌದಿಯಲ್ಲಿ ಲ್ಯಾಬಿನಲ್ಲಿ ಇದ್ದಾನೆ" ಎಂದು ಪರಿಚಯಿಸುತ್ತಿದ್ದರು. ಅದನ್ನು ನಂಬಿ ಚಿಕ್ಕಮ್ಮ ತನ್ನ ಸಕ್ಕರೆ ಕಾಯಿಲೆಯ ರಿಪೋರ್ಟನ್ನು ವಾಟ್ಸಾಪಿನಲ್ಲಿ ಕಳಿಸಿ, "ಸ್ವಲ್ಪ ನೋಡಿ ಹೇಳು ಮಗಾ" ಎಂದಿದ್ದರು.

ಫಾರ್ಮಿನ ಗೋದಾಮು ನೋಡಿಕೊಳ್ಳುತ್ತಿದ್ದವರು ಹಂಝಾಕ. ಉಪ್ಪಿನಂಗಡಿಯ ಬ್ಯಾರಿ. ಹೆಸರು ಹಂಝ, ಹಿರಿಯ ಬ್ಯಾರಿಗಳ ಹೆಸರಿಗೆ ಒಂದು "ಆಕ" ಸೇರಿಸಿ ಕರೆಯುವುದು ನಮ್ಮ ಕಡೆಯ ಮರ್ಯಾದೆ. ಇಪ್ಪತ್ತಾರು ವರ್ಷ ಅದೇ ಗೋದಾಮಿನಲ್ಲಿ ಇದ್ದವರು. ಚೀಲಗಳಿಗೆ ಬೈಯುತ್ತಾ, ಇಲಿಗಳ ಜೊತೆ ತುಳುವಿನಲ್ಲಿ ಜಗಳವಾಡುತ್ತಾ, ಹಾಯಿಲಿನ ಮುದುಕರಿಗಿಂತ ಚೆನ್ನಾಗಿ ಹಾಯಿಲಿನ ಅರಬ್ಬಿ ಮಾತಾಡುತ್ತಾ ಓಡಾಡಿಕೊಂಡಿದ್ದರು. ನಾನು ಹೋದ ಮೊದಲ ಶುಕ್ರವಾರವೇ ಫ್ರೋಜನ್ ಬಂಗುಡೆಯಲ್ಲಿ ಪುಳಿಮುಂಚಿ ಮಾಡಿ ಕರೆದಿದ್ದರು. ನಾವಿಬ್ಬರೂ ಆಡುತ್ತಿದ್ದುದು ಅರ್ಧ ತುಳು, ಅರ್ಧ ಕನ್ನಡ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಆ ಚಳಿಗಾಲ ಅವರಿಗೆ ಅಲ್ಲಿ ಕೊನೆಯದು. ಬಿತ್ತನೆ ಮುಗಿಸಿಕೊಟ್ಟು ಎಕ್ಸಿಟ್ ವೀಸಾ ಹೊಡೆಸಿಕೊಂಡು ಊರಿಗೆ ಹೋಗುವುದೆಂದು ನಿಶ್ಚಯವಾಗಿತ್ತು.

ಫಾರ್ಮ್ ನಡೆಸುತ್ತಿದ್ದವರು ಮಗ ನಾಸಿರ್. ನಮ್ಮ ಕಥೆಗೆ ಬೇಕಾದವರು ಅವರಲ್ಲ, ಅವರ ತಂದೆ ಅಬೂ ನಾಸಿರ್. ಎಂಬತ್ತು ದಾಟಿದ ಮನುಷ್ಯ. ಮಗನ ಗೋಧಿ ಸುತ್ತುತ್ತಾ ನೀರು ಚಿಮ್ಮಿಸುವ ದೊಡ್ಡ ಯಂತ್ರಗಳ ಕೆಳಗೆ ಕಣ್ಣು ಹಾಯುವಷ್ಟು ದೂರ ಬೆಳೆಯುತ್ತಿತ್ತು. ಅಪ್ಪನದು ಹಳೆಯ ಬಾವಿಯ ಪಕ್ಕದ ಒಂದು ತುಂಡು ನೆಲ. ಅಲ್ಲಿ ಅವರು ಬಿತ್ತುತ್ತಿದ್ದುದು ಅವರ ತಾಯಿ ಬಿತ್ತುತ್ತಿದ್ದ ಗೋಧಿ. ಕೆಂಪು ಕಾಳು, ಎತ್ತರದ ಹುಲ್ಲು, ಇಳುವರಿ ಕಡಿಮೆ. ಆದರೆ ಅದನ್ನು ನುಚ್ಚು ಮಾಡಿ ಹುಳಿ ಮಜ್ಜಿಗೆಯಲ್ಲಿ ಬೇಯಿಸಿದ ಜರೀಶ್ ಬೇರೆ ಯಾವ ಗೋಧಿಯಲ್ಲೂ ಆಗುವುದಿಲ್ಲ ಎಂದು ಅವರ ಹಠ. ಹಿಂದಿನ ವರ್ಷ ಹೃದಯದ ಕಾಯಿಲೆಯಾಗಿ ರಿಯಾದಿನ ಆಸ್ಪತ್ರೆಯಲ್ಲಿದ್ದುದರಿಂದ ಅವರು ಬಿತ್ತಿರಲಿಲ್ಲ. ಹಾಗಾಗಿ ಉಳಿದದ್ದು ಅದರ ಹಿಂದಿನ ವರ್ಷದ ಬೀಜ, ಎರಡು ನೀಲಿ ಪ್ಲಾಸ್ಟಿಕ್ ಡ್ರಮ್. ಜಗತ್ತಿನಲ್ಲಿ ಆ ಗೋಧಿ ಬೇರೆಲ್ಲೂ ಇರಲಿಲ್ಲ ಎಂದು ನಾನು ಹೇಳಲಾರೆ. ಅಬೂ ನಾಸಿರರ ಪಾಲಿಗೆ ಇದ್ದದ್ದು ಅಷ್ಟೇ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಹಂಝಾಕ ಲ್ಯಾಬಿನ ಬಾಗಿಲಲ್ಲಿ ನಿಂತು ಕರೆದರು.

"ದಿನೇಶ, ಬಾ ಮಾರಾಯ ಇಲ್ಲಿ. ಮುದುಕನ ಗೋಧಿಗೆ ಗುಗ್ಗುರು ಬಿದ್ದಿದೆ."

ಹೋಗಿ ನೋಡಿದರೆ ಕಾಳಿನ ಮೇಲೆಲ್ಲ ಕಪ್ಪು ಹುಳ ಹರಿದಾಡುತ್ತಿತ್ತು. ಗೋದಾಮಿನ ಬೇರೆ ಗೋಧಿಗೆ ಹಾಕುವ ಹುಳದ ಮಾತ್ರೆ ಇಡೋಣವೇ ಎಂದೆ.

"ಮಾತ್ರೆಯಾ? ನನ್ನನ್ನು ಕೊಲ್ತಾರೆ ಅವರು. ಅಮ್ಮನ ಗೋಧಿ ಹತ್ರ ವಿಷ ತರ್ಬಾರ್ದು ಅಂತ ಇಪ್ಪತ್ತಾರು ವರ್ಷದಿಂದ ಹೇಳ್ತಾ ಇದ್ದಾರೆ. ಊರಲ್ಲಾದ್ರೆ ಒಂದು ಹಿಡಿ ನೆಕ್ಕಿ ಸೊಪ್ಪು ಹಾಕಿದ್ರೆ ಆಯ್ತು. ಇಲ್ಲಿ ಎಲ್ಲಿಂದ ತರುವುದು ನೆಕ್ಕಿ?"

ಅಕ್ಕಿ ಮುಡಿಯ ಒಳಗೆ, ಹೆಸರು ಉದ್ದಿನ ಡಬ್ಬಿಯೊಳಗೆ ಒಣಗಿದ ನೆಕ್ಕಿ, ಅಂದರೆ ಲಕ್ಕಿ ಸೊಪ್ಪು ಇಡುವುದನ್ನು ನಾನೂ ನೋಡಿ ಬೆಳೆದವನೇ. ಅದರ ಕಟು ವಾಸನೆಗೆ ಹುಳ ಹತ್ತಿರ ಸುಳಿಯುವುದಿಲ್ಲ. ಆಗ ನನ್ನೊಳಗಿದ್ದ ಡಿಗ್ರಿ ಎದ್ದು ಕೂತಿತು. ಸೊಪ್ಪಿನ ಕೆಲಸ ಮಾಡುವುದು ಅದರೊಳಗಿನ ಎಣ್ಣೆ. ಸೊಪ್ಪು ಸಿಗದಿದ್ದರೆ ಎಣ್ಣೆಯನ್ನೇ ಇಟ್ಟರಾಯಿತಲ್ಲ?

"ಝಾತರ್ ಎಣ್ಣೆ ತನ್ನಿ ಹಂಝಾಕ. ಹುಳ ಓಡಿಸ್ಲಿಕ್ಕೆ ಅದಕ್ಕಿಂತ ಒಳ್ಳೆದು ಬೇರೆ ಇಲ್ಲ."

"ಬೀಜಕ್ಕೆ ಎಂತ ಆಗುದಿಲ್ವಾ?"

ಈ ಪ್ರಶ್ನೆಯನ್ನು ಅವರು ಕೇಳಿದ್ದರು. ಎಷ್ಟೋ ಸಲ ನೆನಪು ಮಾಡಿಕೊಂಡಿದ್ದೇನೆ, ಖಂಡಿತ ಕೇಳಿದ್ದರು.

"ಸೊಪ್ಪಿನ ಎಣ್ಣೆ ಹಂಝಾಕ, ವಿಷ ಅಲ್ಲ. ಓಮದ ವಾಸನೆಯೇ ಅಲ್ವಾ? ಮಕ್ಕಳಿಗೆ ಓಮದ ನೀರು ಕುಡಿಸ್ತೇವೆ. ಗೋಧಿಗೆ ಎಂತ ಆಗ್ತದೆ?"

ಬೀಜ ಮೊಳೆಯುತ್ತದೋ ಇಲ್ಲವೋ ಎಂದು ನೋಡಿ ಸಂಬಳ ತೆಗೆದುಕೊಳ್ಳುವವನ ಬಾಯಿಂದ ಬಂದ ಮಾತು ಇದು. ಅಲ್ಪವಿದ್ಯಾ ಮಹಾಗರ್ವಿ ಎಂದು ನಮ್ಮ ಹೈಸ್ಕೂಲಿನ ಮೇಷ್ಟ್ರು ನನ್ನನ್ನು ಸುಮ್ಮನೆ ಬೈದಿರಲಿಲ್ಲ.

ಹಂಝಾಕ ಹಾಯಿಲಿನ ಸಂತೆಯಿಂದ ಎರಡು ಬಾಟಲಿ ತಂದರು. ಹತ್ತಿಯನ್ನು ಎಣ್ಣೆಯಲ್ಲಿ ನೆನೆಸಿ, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಗೋಧಿಯ ನಡುವೆ ಹುಗಿದು ಮುಚ್ಚಳ ಬಿಗಿದೆವು. ಒಂದು ವಾರ ಕಳೆದು ತೆಗೆದರೆ ಹುಳಗಳೆಲ್ಲ ಅಂಗಾತ ಬಿದ್ದಿದ್ದವು. ಹಂಝಾಕ ನನ್ನ ಬೆನ್ನು ತಟ್ಟಿದರು. ಮೆಸ್ಸಿನಲ್ಲಿ ಎಲ್ಲರಿಗೂ ಹೇಳಿದರು. ಅವರು ಒಮ್ಮೆ ಒಳ್ಳೆಯದಾದದ್ದನ್ನು ಬಿಡದೆ ಮಾಡುವ ಮನುಷ್ಯ. ಹದಿನೈದು ದಿನಕ್ಕೊಮ್ಮೆ ಹೊಸ ಹತ್ತಿ, ಹೊಸ ಎಣ್ಣೆ. "ಹಾಕುವುದಾ ಇನ್ನೊಂದ್ಸಲ?" ಎಂದು ನನ್ನನ್ನು ಕೇಳಿಯೇ ಹಾಕುತ್ತಿದ್ದರು. "ಹಾಕಿ ಹಾಕಿ" ಎನ್ನುತ್ತಿದ್ದೆ ನಾನು.

ನವೆಂಬರ್ ನಡುವಿಗೆ ಚಳಿ ಬಂತು. ಹಾಯಿಲಿನ ಚಳಿ ಕರಾವಳಿಯವರಿಗೆ ಹೇಳಿದ್ದಲ್ಲ. ಬೆಳಿಗ್ಗೆ ಪೈಪಿನ ನೀರು ಮುಟ್ಟಿದರೆ ಬೆರಳು ತನ್ನದು ಅನ್ನಿಸುತ್ತಿರಲಿಲ್ಲ. ಅಲ್ಲಿಯ ಹಳಬರಿಗೆ ಕೊರೆಯುವ ಚಳಿಯ ನಲವತ್ತು ದಿನಗಳ ಒಂದು ಲೆಕ್ಕ ಉಂಟು. ಅದು ಶುರುವಾಗುವ ಮೊದಲು ಅಬೂ ನಾಸಿರರ ಗೋಧಿ ಮಣ್ಣಿಗೆ ಬೀಳಬೇಕು. ತಡವಾದರೆ ಕೊನೆಯಲ್ಲಿ ಬಿಸಿಲು ಬಂದು ಕಾಳು ಜೊಳ್ಳಾಗುತ್ತದೆ. ಬಿತ್ತನೆಗೆ ಇನ್ನೂ ಮೂರು ವಾರ ಇತ್ತು. ಮುದುಕರಿಗೆ ನನ್ನ ಪರೀಕ್ಷೆಯಲ್ಲೆಲ್ಲ ನಂಬಿಕೆ ಇರಲಿಲ್ಲ. ಆದರೂ ಜಂಬ ಕೊಚ್ಚಿಕೊಳ್ಳಲು ಒಂದು ಕಾರಣ ಬೇಕಲ್ಲ, ನೂರು ಕಾಳು ತಂದು ಸುತ್ತಿ ಇಟ್ಟೆ. ನಾಲ್ಕನೆಯ ದಿನ ಹಂಝಾಕನನ್ನೂ ಕರೆದು ಬಿಚ್ಚಿದೆ.

ನೂರರಲ್ಲಿ ಮೊಳೆತದ್ದು ಹನ್ನೊಂದು. ಉಳಿದವು ನೀರು ಕುಡಿದು ಉಬ್ಬಿದ್ದವು, ಅಷ್ಟೇ. ಕೆಲವಕ್ಕೆ ಬೇರು ಬರಲೆಂದು ಬಿಳಿ ಚುಕ್ಕೆ ಮೂಡಿ ಅಲ್ಲೇ ಕಂದಾಗಿ ನಿಂತಿತ್ತು. ಮೊಳೆತ ಹನ್ನೊಂದೂ ಗಿಡ್ಡ, ಸೊಟ್ಟ. ಕಾಗದದಿಂದ ಓಮದ ವಾಸನೆ ಬರುತ್ತಿತ್ತು. ನನಗೆ ಆ ಕ್ಷಣವೇ ಎಲ್ಲ ಗೊತ್ತಾಯಿತು.

"ಎಂತ ಮಾರಾಯ, ಉಸಿರೇ ಇಲ್ವಾ ಇದಕ್ಕೆ?" ಎಂದರು ಹಂಝಾಕ.

ಅಷ್ಟರಲ್ಲಿ ಹೊರಗೆ ಪಿಕಪ್ ನಿಂತ ಸದ್ದಾಯಿತು. ಅಬೂ ನಾಸಿರ್ ದಿನಾ ಆ ಹೊತ್ತಿಗೆ ಗಹ್ವಾದ, ಅಂದರೆ ಅರಬ್ಬಿ ಕಾಫಿಯ, ಥರ್ಮಾಸ್ ಹಿಡಿದು ಬಂದು ಹಂಝಾಕನ ಜೊತೆ ಅರ್ಧ ಗಂಟೆ ಕೂರುವವರು. ಮೇಜಿನ ಮೇಲೆ ಬಿಚ್ಚಿಟ್ಟ ಕಾಗದ ನೋಡಿ, "ಇದು ನನ್ನದಾ?" ಎಂದರು. ಹಂಝಾಕ ಬಾಯಿ ತೆರೆಯುವ ಮೊದಲೇ ನಾನು ನನ್ನ ಹರಕು ಅರಬ್ಬಿಯಲ್ಲಿ ಹೇಳಿಬಿಟ್ಟೆ: "ಬೀಜ ಹಳೆಯದಾಗಿದೆ, ಬಾಬಾ. ಎರಡು ವರ್ಷ ಆಯಿತಲ್ಲ."

ಅವರು ಒಂದು ಕಾಳು ಎತ್ತಿ ಅಂಗೈಯಲ್ಲಿಟ್ಟುಕೊಂಡು ತುಂಬಾ ಹೊತ್ತು ನೋಡಿದರು. ಆಮೇಲೆ ಹಂಝಾಕನಿಗೆ ಮಾತ್ರ ಕೇಳುವಂತೆ ಏನೋ ಹೇಳಿ, ಗಹ್ವಾ ಕುಡಿಯದೆ ಹೋದರು. ಏನೆಂದರು ಎಂದು ಕೇಳಿದೆ.

"ಹೋದ ವರ್ಷ ನಾನು ಆಸ್ಪತ್ರೆಗೆ ಹೋಗದೆ ಬಿತ್ತಿದ್ರೆ ಅಮ್ಮನ ಗೋಧಿ ಸಾಯ್ತಿರ್ಲಿಲ್ಲ ಅಂದ್ರು." ಹಂಝಾಕ ಬೋರಲು ಹಾಕಿದ್ದ ಒಂದು ಕ್ರೇಟಿನ ಮೇಲೆ ಕೂತರು. "ಮುದುಕರ ತಲೆ ಮೇಲೆ ಹಾಕಿದೆಯಲ್ಲ ಮಾರಾಯ. ಎಣ್ಣೆ ಅಂತ ನಿಂಗೆ ಗೊತ್ತುಂಟು. ನಿನ್ನ ಮುಖದಲ್ಲೇ ಉಂಟು."

ನಾಳೆ ಹೇಳೋಣ, ಸರಿಯಾಗಿ ಪರೀಕ್ಷೆ ಮಾಡಿ ಹೇಳೋಣ ಎಂದೆಲ್ಲ ಗೊಣಗಿದೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆ. ನನ್ನ ಇಕಾಮಾ, ಇಲ್ಲಿರುವ ಪರವಾನಗಿ, ಇವರ ಹೆಸರಿಗೆ ಬದಲಾಗಿ ಇನ್ನೂ ಮೂರು ತಿಂಗಳಾಗಿರಲಿಲ್ಲ. ಬೀಜದ ಲ್ಯಾಬಿನವನೇ ಬೀಜ ಕೊಂದ ಎಂದಾದರೆ ಯಾವ ಮಜ್ರಾದಲ್ಲಿ, ಯಾವ ಫಾರ್ಮಿನಲ್ಲಿ ಕೆಲಸ ಸಿಕ್ಕೀತು? ಹಂಝಾಕ ಮತ್ತೆ ಏನೂ ಹೇಳದೆ ಎದ್ದು ಹೋದರು.

ಮರುದಿನ ನಾನು ಪರೀಕ್ಷೆಗೆ ಕೂತೆ, ಮಾಡಿದ ತಪ್ಪಿಗೆ ಶಾಸ್ತ್ರ ಹುಡುಕುವವನ ಹಾಗೆ. ಫಾರ್ಮಿನ ಒಳ್ಳೆಯ ಗೋಧಿಯನ್ನೇ ಮುಚ್ಚಳವಿರುವ ನಾಲ್ಕು ಡಬ್ಬಿಗಳಲ್ಲಿ ಒದ್ದೆ ಕಾಗದದ ಮೇಲೆ ಹರಡಿದೆ. ಒಂದರ ಮುಚ್ಚಳಕ್ಕೆ ಎರಡು ಹನಿ ಎಣ್ಣೆ, ಒಂದಕ್ಕೆ ಅರ್ಧ ಹನಿ, ಒಂದಕ್ಕೆ ಸೂಜಿಮೊನೆಯಲ್ಲಿ ತಾಗಿಸಿದಷ್ಟು, ಒಂದಕ್ಕೆ ಏನೂ ಇಲ್ಲ. ಎಣ್ಣೆ ಕಾಳಿಗೆ ತಾಗಲೇ ಇಲ್ಲ, ಬರೀ ಆವಿ. ಎರಡು ಹನಿಯ ಡಬ್ಬಿಯಲ್ಲಿ ಒಂದೂ ಏಳಲಿಲ್ಲ. ಅರ್ಧ ಹನಿಯದರಲ್ಲಿ ಎದ್ದವಕ್ಕೆ ಬೇರು ಅಕ್ಕಿಕಾಳಿನಷ್ಟು ಉದ್ದ ಬಂದು ನಿಂತಿತು. ಸೂಜಿಮೊನೆಯದು ಎಣ್ಣೆಯೇ ಇಲ್ಲದ ಡಬ್ಬಿಯ ಹಾಗೆಯೇ ಬಂತು. ಬೇರು ಒಂದು ಕೂದಲೆಳೆಯಷ್ಟು ಹೆಚ್ಚೇ ಉದ್ದ ಇತ್ತೇನೋ, ಪ್ರಮಾಣ ಮಾಡಲಾರೆ. ಜೊತೆಗೆ ಸ್ವಲ್ಪ ಬಾರ್ಲಿ, ಸ್ವಲ್ಪ ಜರ್ಜೀರ್ ಸೊಪ್ಪಿನ ಬೀಜವನ್ನೂ ಇಟ್ಟಿದ್ದೆ. ಬಾರ್ಲಿ ಕೊಂಚ ತಡೆದುಕೊಂಡಿತು. ಸಾಸಿವೆಗಿಂತ ಸಣ್ಣ ಜರ್ಜೀರ್ ಪಾಪ, ಅರ್ಧ ಹನಿಗೇ ಪೂರ್ತಿ ಹೋಯಿತು.

ಆಗ ನಮ್ಮ ಅಜ್ಜಿಯಂದಿರ ಬುದ್ಧಿ ನನಗೆ ತಿಳಿಯಿತು. ಒಂದು ಬಾಟಲಿ ಎಣ್ಣೆಯಲ್ಲಿ ಎಷ್ಟೋ ಬುಟ್ಟಿ ಸೊಪ್ಪು ಅಡಗಿರುತ್ತದೆ. ಅವರು ಹಾಕುತ್ತಿದ್ದುದು ಒಂದು ಹಿಡಿ. ಅದೂ ಬೈಹುಲ್ಲಿನ ಮುಡಿಯೊಳಗೆ, ಗಾಳಿ ಆಡುವಲ್ಲಿ. ನಾವು ಹಾಕಿದ್ದು ಮುಚ್ಚಳ ಬಿಗಿದ ಪ್ಲಾಸ್ಟಿಕ್ ಡ್ರಮ್ಮಿನೊಳಗೆ. ಎಲ್ಲಕ್ಕಿಂತ ಮುಖ್ಯವಾಗಿ, ಅವರು ಸೊಪ್ಪು ಹಾಕಿ ಕಾಪಾಡುತ್ತಿದ್ದುದು ತಿನ್ನುವ ಅಕ್ಕಿಯನ್ನು. ತಿನ್ನುವ ಅಕ್ಕಿ ಮೊಳೆಯಬೇಕಾಗಿಲ್ಲ. ಇಷ್ಟು ಸರಳ ಸಂಗತಿ ಇಬ್ಬರು ಕರಾವಳಿಯವರಿಗೆ ಹೊಳೆದಿರಲಿಲ್ಲ. ಅತಿಯಾದರೆ ಅಮೃತವೂ ವಿಷ ಎನ್ನುತ್ತಾರೆ. ಓಮದ ನೀರೂ ಅದಕ್ಕೆ ಹೊರತಲ್ಲ.

ಇಷ್ಟರ ನಡುವೆ ಒಂದು ಆಸೆಯೂ ಇತ್ತು. ವಾಸನೆ ಹಾರಿಹೋಗುವಂಥದ್ದು. ಆವಿಯಾಗಿ ಒಳಹೊಕ್ಕದ್ದು ಆವಿಯಾಗಿಯೇ ಹೊರಬೀಳಬಹುದು. ಕಾಳು ಸತ್ತಿರದೆ ಬರೀ ಮಂಕಾಗಿ ಕೂತಿರಬಹುದು. ಡ್ರಮ್ ಎರಡನ್ನೂ ಬಗ್ಗಿಸಿ, ಗೋದಾಮಿನ ಹಿಂದಿನ ನೆರಳಿನಲ್ಲಿ ಟಾರ್ಪಾಲಿನ ಮೇಲೆ ಗೋಧಿ ಹರಡಿದೆವು. ಉತ್ತರದಿಂದ ಒಣ ಗಾಳಿ ಬೀಸುತ್ತಿತ್ತು. ಅಲ್ಲಿಯ ಬೆಳವದ ಹಕ್ಕಿಗಳಿಗೆ ಸುದ್ದಿ ಹೇಗೆ ಹೋಯಿತೋ, ಹಿಂಡು ಹಿಂಡಾಗಿ ಬಂದವು. ಬಂದು, ಕಾಳಿಗೆ ಕೊಕ್ಕು ಹಾಕಿ, ತಲೆ ಕೊಡವಿ ಹಾರಿಹೋದವು. ಹಂಝಾಕ ಕಂಬಳಿ ಹೊದ್ದು ಕಾವಲು ಕೂತು, ಕೈಯಲ್ಲಿ ಗೋಧಿ ಮಗುಚುತ್ತಾ ಇದ್ದರು.

"ಹಕ್ಕಿಗೂ ಬೇಡ ಇದು. ಯಾವಾಗ ಅವು ತಿಂತಾವೋ ಆಗ ಸರಿಯಾಯ್ತು ಅಂತ ಲೆಕ್ಕ. ನಿನ್ನ ಲ್ಯಾಬಿಗಿಂತ ಅದೇ ಒಳ್ಳೆ ಟೆಸ್ಟ್" ಎಂದರು.

ಮಾತಾಡಿದರಲ್ಲ ಎಂದು ನನಗೆ ಸಮಾಧಾನ. ಆದರೆ ಮೂರು ದಿನವಾದರೂ ಅಬೂ ನಾಸಿರರ ಪಿಕಪ್ ಬರಲಿಲ್ಲ. ದೂರದಿಂದ ಹೋಗುವುದು ಕಾಣುತ್ತಿತ್ತು, ನಮ್ಮ ಕಡೆ ತಿರುಗುತ್ತಿರಲಿಲ್ಲ. ಮುದುಕರು ಯಾಕೆ ಬರುವುದಿಲ್ಲ ಎಂದು ಕೇಳಿದೆ.

"ನಾನು ಹೇಳಿದೆ. ಅವತ್ತು ಸಂಜೆಯೇ."

"ಏನಂತ?"

"ಬೀಜ ಹಳತಾದದ್ದಲ್ಲ, ನಾನು ಎಣ್ಣೆ ಹಾಕಿ ಹಾಳು ಮಾಡಿದ್ದು ಅಂತ."

"ನಾನು ಹಾಕ್ಲಿಕ್ಕೆ ಹೇಳಿದ್ದು ಅಂತ?"

"ಅದನ್ನು ಹೇಳ್ಲಿಲ್ಲ. ನೀನು ಹೊಸಬ. ನಾನು ಹೇಗೂ ಹೋಗುವವ." ಅವರು ಗೋಧಿ ಮಗುಚುವುದನ್ನು ನಿಲ್ಲಿಸಲಿಲ್ಲ.

ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ: ಅದನ್ನು ಕೇಳಿ ನನಗೆ ಮೊದಲು ಆದದ್ದು ನೆಮ್ಮದಿ. ದುಃಖ ಆಮೇಲೆ ಬಂತು. ಇಪ್ಪತ್ತಾರು ವರ್ಷ ದಿನಾ ಜೊತೆಗೆ ಗಹ್ವಾ ಕುಡಿದ ಮನುಷ್ಯ ಈಗ ಹಂಝಾಕನ ಮುಖ ನೋಡುತ್ತಿರಲಿಲ್ಲ. ಬೈದಿದ್ದರೆ ಹಂಝಾಕ ತಡೆದುಕೊಳ್ಳುತ್ತಿದ್ದರು. ಆ ಹೊತ್ತಾದಾಗ ಅವರು ರಸ್ತೆಯ ಕಡೆ ನೋಡುವುದು, ಪಿಕಪ್ ಹಾದು ಹೋದ ಮೇಲೆ ಎದ್ದು ತಾನೇ ಚಹಾ ಮಾಡಿಕೊಳ್ಳುವುದು, ಇದನ್ನೆಲ್ಲ ನಾನು ಲ್ಯಾಬಿನ ಕಿಟಕಿಯಿಂದ ನೋಡುತ್ತಿದ್ದೆ. ನೋಡಿಯೂ ಸುಮ್ಮನಿದ್ದೆ. ಮೊದಲು ಬೀಜ ಸರಿಯಾಗಲಿ, ಆಮೇಲೆ ಹೇಳಿದರೆ ಸಿಟ್ಟು ಕಡಿಮೆ ಇರುತ್ತದೆ ಎಂದು ನನ್ನ ಲೆಕ್ಕಾಚಾರ.

ಶುಕ್ರವಾರ ಮಳೆ ಬಂತು. ಹಂಝಾಕ ಜುಮಾಕ್ಕೆ ಹೋಗಿದ್ದರು, ನಾನು ಮೆಸ್ಸಿನಲ್ಲಿ ಊಟಕ್ಕೆ ಕೂತಿದ್ದೆ. ಮರುಭೂಮಿಯ ಮಳೆ ಹೇಳಿಕೇಳಿ ಬರುವುದಿಲ್ಲ. ಓಡಿಬಂದು ಟಾರ್ಪಾಲಿನ ಅಂಚು ಎಳೆದು ಮುಚ್ಚುವಷ್ಟರಲ್ಲಿ ಒಂದು ಮೂಲೆಯ ಗೋಧಿ ಪೂರ್ತಿ ನೆನೆದುಹೋಗಿತ್ತು. ಹಂಝಾಕ ನಮಾಜಿನ ಬಿಳಿ ಬಟ್ಟೆಯಲ್ಲೇ ಕೆಸರಿನಲ್ಲಿ ಓಡಿಬಂದರು. ಒದ್ದೆಯಾದದ್ದು ಹೋಯಿತು ಎಂದು ಬೇರೆ ಮಾಡಿ, ಒಂದು ಚೀಲದ ಮೇಲೆ ಸುರಿದು, ಉಳಿದದ್ದನ್ನು ಒಳಗೆ ಹರಡಿದೆವು. ನಾನು ಮಳೆಗೆ ಬೈದೆ. "ಮಳೆಗೆ ಬೈಬಾರ್ದು, ಅದರಲ್ಲೂ ಇಲ್ಲಿ" ಎಂದರು ಹಂಝಾಕ.

ಮೂರನೆಯ ದಿನ ಆ ಚೀಲವನ್ನು ಎಸೆಯಲೆಂದು ಎತ್ತಿದಾಗ ಅದು ಭಾರವಾಗಿ ನೆಲಕ್ಕೆ ಅಂಟಿಕೊಂಡಂತಿತ್ತು. ಬಿಡಿಸಿ ನೋಡಿದರೆ ಬೇರು. ಬಿಳಿ ಬಿಳಿ ಬೇರು, ಗೋಣಿಯ ನೂಲಿನೊಳಗೆ ಹೊಕ್ಕು ಹೆಣೆದುಕೊಂಡಿತ್ತು. ಎಲ್ಲ ಕಾಳಲ್ಲೂ ಅಲ್ಲ, ಆದರೆ ಅರ್ಧಕ್ಕಿಂತ ಹೆಚ್ಚು. ಮಳೆಯ ನೀರು ಎಣ್ಣೆಯ ಶೇಷವನ್ನು ತೊಳೆದಿತ್ತು. ಕಾಳು ಸತ್ತಿರಲಿಲ್ಲ. ಹಂಝಾಕ ಆ ಗೋಣಿಯನ್ನು ಕೂಸಿನ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡು ನಿಂತರು. ಅವರ ಕಣ್ಣು ತುಂಬಿತ್ತು, ನನ್ನದೂ.

"ಮುದುಕರಿಗೆ ಹೋಗಿ ಹೇಳು. ಜೀವ ಉಂಟು ಅಂತ ಹೇಳು. ನನ್ನ ಜೊತೆ ಅವರು ಮಾತಾಡುದಿಲ್ಲ" ಎಂದರು.

ಬಾವಿಯ ಪಕ್ಕದಲ್ಲಿ ಅಬೂ ನಾಸಿರರಿಗೆ ಒಂದು ಕೋಣೆ. ನೆಲಕ್ಕೆ ಜಮಖಾನ, ನಡುವೆ ಇದ್ದಿಲ ಒಲೆ. ದಾರಿಯುದ್ದಕ್ಕೂ ನಾನು ಅರಬ್ಬಿ ವಾಕ್ಯಗಳನ್ನು ಜೋಡಿಸಿಕೊಳ್ಳುತ್ತಾ ಹೋದೆ. ಒಳಗೆ ಹೋಗಿ ಕೂತ ಮೇಲೆ ಎಲ್ಲ ಮರೆತುಹೋಯಿತು. ಮೊಳಕೆ ಬಂದ ನಾಲ್ಕು ಕಾಳನ್ನು ಅವರ ಮುಂದಿಟ್ಟೆ. ಅವರ ಮುಖ ಅರಳಿತು. ಅಲ್ಲಿಗೆ ಎದ್ದು ಬಂದುಬಿಡಬಹುದಿತ್ತು. ಎದ್ದು ಬರುವ ಮನಸ್ಸೂ ಆಗಿತ್ತು. ಆದರೆ ಅವರು, "ಹಂಝಾ ಹೀಗೆ ಮಾಡುತ್ತಾನೆಂದು ನಾನು ಎಣಿಸಿರಲಿಲ್ಲ" ಎಂದರು. ಅದನ್ನು ಕೇಳಿ ಕೂರಲಾಗಲಿಲ್ಲ.

"ಬಾಬಾ, ಮಾತು ನನ್ನದು, ಕೈ ಹಂಝಾನದು" ಎಂದೆ. "ಬೀಜಕ್ಕೆ ಏನೂ ಆಗುವುದಿಲ್ಲವೇ ಎಂದು ಅವರು ಕೇಳಿದರು. ಇಲ್ಲ ಎಂದವನು ನಾನು. ಬೀಜ ಹಳೆಯದು ಎಂದದ್ದೂ ಸುಳ್ಳು."

ಅವರು ನನ್ನನ್ನು ನೋಡಿದ ರೀತಿಗೆ ನನ್ನ ಇಕಾಮಾ ಜೇಬಿನಲ್ಲೇ ಹರಿದುಹೋದಂತಾಯಿತು. ಇದ್ದಿಲು ಕೆದಕಿದರು. ನನಗೆ ಅರ್ಥವಾಗುವಂತೆ ನಿಧಾನವಾಗಿ ಹೇಳಿದರು.

"ಈ ಮಜ್ರಾದಲ್ಲಿ ಐವತ್ತು ಜನ ಇದ್ದೀರಿ. ಒಂದು ಪಂಪ್ ಕೆಟ್ಟರೆ ಆ ದಿನ ಯಾರೂ ಅದರ ಹತ್ತಿರ ಹೋಗಿರುವುದೇ ಇಲ್ಲ. 'ತಾನಾಗಿ ಕೆಟ್ಟಿತು ಬಾಬಾ!' ಎರಡು ಡ್ರಮ್ಮಿಗೆ ಮಾತ್ರ ಇಬ್ಬರು ಬಂದು, ನಾನು ಮಾಡಿದ್ದು, ನಾನು ಮಾಡಿದ್ದು ಅನ್ನುತ್ತೀರಿ." ಆಮೇಲೆ, "ನೀನು ತಡ ಮಾಡಿದೆ" ಎಂದರು. ಎದ್ದು ಥರ್ಮಾಸ್ ಕೈಗೆತ್ತಿಕೊಂಡರು. "ಯಲ್ಲಾ, ನಡೆ."

ಗೋದಾಮಿನ ಹಿಂದೆ ಹಂಝಾಕ ನಮ್ಮಿಬ್ಬರನ್ನೂ ನೋಡಿ ಎದ್ದು ನಿಂತರು. ಅಬೂ ನಾಸಿರ್ ಕೂತು, ಎರಡು ಪುಟ್ಟ ಬಟ್ಟಲಿಗೆ ಗಹ್ವಾ ಸುರಿದು, ಒಂದನ್ನು ಹಂಝಾಕನಿಗೆ ಕೊಟ್ಟರು. ಇಬ್ಬರೂ ಕುಡಿದರು. ಮತ್ತೆ ಸುರಿದರು, ಮತ್ತೆ ಕುಡಿದರು. ನನಗೆ ಮೂರನೆಯ ಬಟ್ಟಲು ಇರಲಿಲ್ಲ, ಅದು ನ್ಯಾಯವೇ ಆಗಿತ್ತು. ಆಮೇಲೆ ಮುದುಕರು ಗೋಧಿಯೊಳಗೆ ಮೊಣಕೈವರೆಗೆ ಕೈ ತೂರಿಸಿ, ತೆಗೆದು ಮೂಸಿ, "ನನ್ನ ಎದೆಗೆ ಉಜ್ಜುವ ಮುಲಾಮಿನ ಹಾಗಿದೆ" ಎಂದರು. ಅಷ್ಟು ದಿನಗಳಲ್ಲಿ ಹಂಝಾಕ ಮೊದಲ ಸಲ ನಕ್ಕರು.

ಉಳಿದ ದಿನಗಳಲ್ಲಿ ಗೋಧಿಯನ್ನು ಸ್ವಲ್ಪ ಸ್ವಲ್ಪವೇ ತೊಳೆದು, ಗಾಳಿಗೆ ಆರಿಸಿ, ಮತ್ತೆ ಪರೀಕ್ಷಿಸಿದೆ. ಹನ್ನೊಂದು ಇದ್ದದ್ದು ಎಪ್ಪತ್ತರ ಹತ್ತಿರಕ್ಕೆ ಬಂತು. ಬೇರು ಇನ್ನೂ ಗಿಡ್ಡ. ಕಾಗದದ ಮೇಲೆ, ಬೆಚ್ಚಗಿನ ಕಪಾಟಿನಲ್ಲಿ ಎದ್ದದ್ದು ಚಳಿಯ ಮಣ್ಣಿನಿಂದ ಎದ್ದುಬರುತ್ತದೆ ಎಂದು ಯಾರೂ ಮಾತು ಕೊಡುವಂತಿರಲಿಲ್ಲ. ಒಂದು ಹಿಡಿ ಬಿತ್ತುವಲ್ಲಿ ಒಂದೂವರೆ ಹಿಡಿ ಬಿತ್ತಿ ಎಂದೆ. ಸಲಹೆ ಕೊಡುವಾಗ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ನಲವತ್ತು ದಿನದ ಚಳಿ ಶುರುವಾಗಲು ಎರಡು ದಿನ ಇರುವಾಗ ಅಬೂ ನಾಸಿರ್ ಬಿಸ್ಮಿಲ್ಲಾ ಎಂದು ಮೊದಲ ಹಿಡಿ ಎರಚಿದರು. ಮಳೆಗೆ ನೆನೆದು ಮೊಳೆತದ್ದನ್ನೂ ಹಂಝಾಕ ಬಿಡಲಿಲ್ಲ. ಮಂಡಿಯೂರಿ ಒಂದೊಂದನ್ನೇ ಭತ್ತದ ನೇಜಿ ನೆಡುವಂತೆ ಬಾವಿಯ ಬದುವಿನಲ್ಲಿ ನೆಟ್ಟರು.

ಹಂಝಾಕನ ಟಿಕೆಟ್ ಬಿತ್ತನೆಯಾದ ಒಂಬತ್ತನೆಯ ದಿನಕ್ಕೆ. ಆ ಚಳಿಗೆ ಗೋಧಿ ಮಣ್ಣಿನ ಮೇಲೆ ಬರಲು ಎರಡು ವಾರವಾದರೂ ಬೇಕು. ಟಿಕೆಟ್ ಮುಂದೆ ಹಾಕಿ ಎಂದೆ, ಕೇಳಲಿಲ್ಲ. ದೂರ ಹೊರಟವರು ಎಲ್ಲರ ಬಳಿ ಮಾಫಿ ಕೇಳಿ ಹೋಗುವುದು ಅವರಲ್ಲಿಯ ಕ್ರಮ. ಆ ವಾರವೆಲ್ಲ ಹಂಝಾಕ ಅದನ್ನೇ ಮಾಡಿದರು. ಅಡುಗೆಯವನು, ಡ್ರೈವರುಗಳು, ಆರು ವರ್ಷದಿಂದ ಮಾತು ಬಿಟ್ಟಿದ್ದ ಮೆಕ್ಯಾನಿಕ್, ಎಲ್ಲರ ಕೈ ಹಿಡಿದು, "ಗೊತ್ತಿದ್ದೋ ಗೊತ್ತಿಲ್ಲದೆಯೋ ತಪ್ಪಾಗಿದ್ರೆ ಮಾಫ್ ಮಾಡ್ಬೇಕು" ಎಂದು ಕೇಳಿಬಂದರು. ನನ್ನ ಬಳಿ ಮಾತ್ರ ಕೇಳಲಿಲ್ಲ. ದಿನಾ ಎದುರೆದುರು ಕೂತು ಊಟ ಮಾಡಿದೆವು, ಆ ಮಾತು ಬರಲಿಲ್ಲ. ನನ್ನ ಮೇಲೆ ಅವರಿಗೆ ಇನ್ನೂ ಬೇಸರ ಇದೆ ಎಂದುಕೊಂಡೆ.

ಹೊರಡುವ ಬೆಳಿಗ್ಗೆ ಅವರನ್ನು ಹಾಯಿಲಿನ ವಿಮಾನ ನಿಲ್ದಾಣಕ್ಕೆ ಬಿಡಲು ಹೊರಟವನು ನಾನೇ. ಬಾವಿಯ ಕಡೆಯಿಂದ ಹೋಗುವ ಎಂದರು. ಬಿಸಿಲು ಆಗಷ್ಟೇ ಬಿದ್ದಿತ್ತು. ನೆಲ ಬೋಳಾಗಿತ್ತು, ಒಂದು ಹಸಿರು ಎಳೆಯೂ ಇಲ್ಲ. ಅಲ್ಲಿ ನಮಗಿಂತ ಮೊದಲೇ ಪಿಕಪ್ ನಿಂತಿತ್ತು. ಎಂಬತ್ತು ದಾಟಿದ ಅಬೂ ನಾಸಿರ್ ಮಂಡಿಯೂರಿ, ಬೆರಳಿನಿಂದ ಮಣ್ಣು ಕೆದಕುತ್ತಾ ಇದ್ದರು. ಹಂಝಾಕ ಹೋಗಿ ಎದುರಿಗೆ ಮಂಡಿಯೂರಿದರು. ಇಬ್ಬರೂ ಕೆದಕಿದರು. ಮೊದಲು ಸಿಕ್ಕಿದ ಕಾಳು ಹಾಗೆಯೇ ಇತ್ತು. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ಬೆರಳಿನ ಗೆಣ್ಣಿನಷ್ಟು ಉದ್ದದ ಮೊಳಕೆ, ಬೆಳಕು ಕಾಣದೆ ಬಿಳಿಚಿದ್ದು, ನೆಟ್ಟಗೆ ಮೇಲಕ್ಕೆ ಹೊರಟಿತ್ತು. ಆಮೇಲೆ ಪಕ್ಕದಲ್ಲಿ ಇನ್ನೊಂದು. ಅದರ ಪಕ್ಕದಲ್ಲಿ ಮತ್ತೊಂದು.

ಮುದುಕರು ಅವನ್ನು ಅಲ್ಲೇ ಬಿಟ್ಟು, ಮಣ್ಣು ಪುಡಿ ಮಾಡಿ ಮೆತ್ತಗೆ ಮುಚ್ಚಿದರು. ಹಂಝಾಕ ಅವರ ಮಣ್ಣಾದ ಕೈ ಹಿಡಿದುಕೊಂಡು ಮಾಫಿ ಕೇಳಿದರು. ಅಬೂ ನಾಸಿರ್ ಅವರ ಹಣೆಗೆ ಮುತ್ತಿಟ್ಟು ತಾವೂ ಕೇಳಿದರು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದು ಎಬ್ಬಿಸಿಕೊಂಡು ಕಷ್ಟಪಟ್ಟು ಎದ್ದರು. ಆಮೇಲೆ ಹಂಝಾಕ ಬಂದು ನನ್ನ ಎದುರು ನಿಂತು, ಮೊಣಕಾಲಿನ ಮಣ್ಣು ಕೊಡವುತ್ತಾ ಸುಮ್ಮನೆ ನನ್ನ ಮುಖ ನೋಡಿದರು.

"ಹಂಝಾಕ, ನನ್ನ ಹತ್ರ ನೀವು ಮಾಫಿ ಕೇಳ್ಬಾರ್ದು. ಕೇಳ್ಬೇಕಾದ್ದು ನಾನು" ಎಂದೆ.

"ಅದಕ್ಕೇ ಮಾರಾಯ ಒಂದು ವಾರದಿಂದ ಕಾಯ್ತಾ ಇರುವುದು. ಬೇಗ ಕೇಳು, ಫ್ಲೈಟ್ ಹೋಗ್ತದೆ."

ಕೇಳಿದೆ.